ಫೋಟೊ ಸಂಗ್ರಹವನ್ನು ಹೊಸ ತಂತ್ರಾಂಶಕ್ಕೆ ಸಾಗಿಸುವಾಗ ಹೆಸರು, ದಿನಾಂಕ, ಟಿಪ್ಪಣಿಗಳನ್ನು ಉಳಿಸಿಕೊಳ್ಳುವ ಬಗೆ

ಫೋಟೊಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವಾಗ ಚಿತ್ರಗಳೇ ಕಳೆದುಹೋಗುವುದು ಅಪರೂಪ. ಆ ಚಿತ್ರಗಳ ಜೊತೆಗೆ ನಾವು ವರ್ಷಗಟ್ಟಲೆ ಕೂತು ಬರೆದದ್ದು ಕಳೆದುಹೋಗುತ್ತದೆ: ಯಾರು ಯಾರೆಂಬ ಹೆಸರು, ಎಂದು ತೆಗೆದದ್ದೆಂಬ ದಿನಾಂಕ, ಯಾವ ಆಲ್ಬಮ್ಮಿಗೆ ಸೇರಿದ್ದೆಂಬ ಗುರುತು, ನೂರರಲ್ಲಿ ಒಂದನ್ನು ಆರಿಸಿ ಕೊಟ್ಟ ಐದು ನಕ್ಷತ್ರ. ನಾನು ಮೊದಲ ಬಾರಿ ಇಂಥ ಸಾಗಣೆ ಮಾಡಿದಾಗ ಸ್ಕ್ಯಾನ್ ಮಾಡಿಟ್ಟಿದ್ದ ಮುನ್ನೂರು ಚಿಲ್ಲರೆ ಕಪ್ಪು-ಬಿಳುಪು ಫೋಟೊಗಳು ಒಂದೂ ಬಿಡದೆ ಹೊಸ ಕಡೆಗೆ ಬಂದವು. ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಮುಖವನ್ನೂ ತೋರಿಸಿ ಕೇಳಿ ಬರೆದಿದ್ದ ಹೆಸರುಗಳು ಮಾತ್ರ ಬರಲಿಲ್ಲ. ಅದು ಗಮನಕ್ಕೆ ಬರುವ ಹೊತ್ತಿಗೆ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಆಗಿತ್ತು, ಮತ್ತೊಮ್ಮೆ ಕೇಳೋಣವೆಂದರೆ ಅಜ್ಜಿಯೂ ಇರಲಿಲ್ಲ. ಹಳೆಯ ತಂತ್ರಾಂಶ ಇನ್ನೂ ತೆರೆದುಕೊಳ್ಳುತ್ತಿರುವಾಗಲೇ, ಅದರೊಳಗಿರುವ ಮಾಹಿತಿಯನ್ನೆಲ್ಲ ಫೋಟೊ ಫೈಲುಗಳಿಗೆ ಬರೆಸಿಕೊಂಡು, ಬರೆದದ್ದು ನಿಜವಾಗಿ ಬಂದಿದೆಯೇ ಎಂದು ಮೂರನೆಯದೊಂದು ತಂತ್ರಾಂಶದಲ್ಲಿ ನೋಡಿ, ಆಮೇಲೆ ಹೊಸದಕ್ಕೆ ಹೋಗಬೇಕು. ಮುಂದಿನದೆಲ್ಲ ಈ ಕ್ರಮವನ್ನು ಪಾಲಿಸುವ ವಿವರ.

"ಇನ್ನೂ ತೆರೆದುಕೊಳ್ಳುತ್ತಿರುವಾಗಲೇ" ಎಂದು ಒತ್ತಿ ಹೇಳಲು ಕಾರಣವಿದೆ. ಪಿಕಾಸಾ ಎಂಬ ಫೋಟೊ ತಂತ್ರಾಂಶಕ್ಕೆ ಗೂಗಲ್ ನೀಡುತ್ತಿದ್ದ ಬೆಂಬಲ 2016ರ ಮಾರ್ಚ್ 15ಕ್ಕೆ ನಿಂತಿತು. ಆಪಲ್ ಸಂಸ್ಥೆ ಅಪರ್ಚರ್ ತಂತ್ರಾಂಶವನ್ನು ಮುಂದುವರಿಸುವುದಿಲ್ಲವೆಂದು 2014ರಲ್ಲಿ ಪ್ರಕಟಿಸಿತು, 2015ರಲ್ಲಿ ಮಾರಾಟ ನಿಲ್ಲಿಸಿತು, 2019ರಲ್ಲಿ ಬಂದ ಕ್ಯಾಟಲಿನಾ ಆವೃತ್ತಿಯ ಮ್ಯಾಕ್‌ನಲ್ಲಿ ಅದು ನಡೆಯುವುದೂ ನಿಂತಿತು. ವಿಂಡೋಸ್ ಫೋಟೊ ಗ್ಯಾಲರಿಯ ಬೆಂಬಲ 2017ರ ಜನವರಿಯಲ್ಲಿ ಮುಗಿಯಿತು. ಬೆಂಬಲ ನಿಂತ ದಿನವೇ ತಂತ್ರಾಂಶ ಸಾಯುವುದಿಲ್ಲವಾದ್ದರಿಂದ ಜನ ಅದನ್ನೇ ಬಳಸುತ್ತ ಹೋಗುತ್ತಾರೆ; ಕಂಪ್ಯೂಟರ್ ಕೆಟ್ಟು ಹೊಸದನ್ನು ತಂದಾಗಲೇ ಹಳೆಯ ಸಂಗ್ರಹವನ್ನು ತೆರೆಯುವ ದಾರಿ ಮುಚ್ಚಿರುವುದು ತಿಳಿಯುತ್ತದೆ.

ಮಾಹಿತಿ ಎಲ್ಲಿ ಕೂತಿದೆ

ಒಂದು ಫೋಟೊದ ಬಗೆಗಿನ ಮಾಹಿತಿ ನಾಲ್ಕು ಜಾಗಗಳಲ್ಲಿ ಹರಡಿಕೊಂಡಿರಬಹುದು. ಮೊದಲನೆಯದು ಫೈಲಿನ ಒಳಗೆ: ಕ್ಯಾಮೆರಾ ತಾನೇ ಬರೆಯುವ ಎಕ್ಸಿಫ್, ಪತ್ರಿಕಾ ಜಗತ್ತಿನಿಂದ ಬಂದ ಹಳೆಯ ಐಪಿಟಿಸಿ, ಮತ್ತು ಅಡೋಬಿ ಸಂಸ್ಥೆ 2001ರಲ್ಲಿ ತಂದ ಎಕ್ಸ್‌ಎಂಪಿ ಎಂಬ ಮೂರು ಬಗೆಯ ಬರವಣಿಗೆಗಳು ಒಂದೇ ಜೆಪೆಗ್‌ನಲ್ಲಿ ಒಟ್ಟಿಗೆ ಇರಬಲ್ಲವು. ಎರಡನೆಯದು ಫೋಟೊದ ಪಕ್ಕದಲ್ಲೇ ಅದೇ ಹೆಸರಿನಲ್ಲಿ ಇರುವ ಸೈಡ್‌ಕಾರ್ ಎಂಬ ಚಿಕ್ಕ ಫೈಲು. ರಾ ಫೈಲುಗಳನ್ನು, ಎಂದರೆ ಕ್ಯಾಮೆರಾ ಸಂಸ್ಕರಿಸದೆ ಹಾಗೇ ಉಳಿಸಿದ ಚಿತ್ರಗಳನ್ನು, ಮುಟ್ಟಲು ಹಿಂಜರಿಯುವ ತಂತ್ರಾಂಶಗಳು ಇದನ್ನೇ ಬಳಸುತ್ತವೆ. ಮೂರನೆಯದು ತಂತ್ರಾಂಶದ ಸ್ವಂತ ಡೇಟಾಬೇಸ್. ನಾಲ್ಕನೆಯದು ಫೋಲ್ಡರಿನ ಹೆಸರು, ಫೈಲಿನ ಹೆಸರು ಮತ್ತು ಕಂಪ್ಯೂಟರ್ ಆ ಫೈಲಿಗೆ ಹಚ್ಚಿರುವ ದಿನಾಂಕ.

ಮೊದಲ ಎರಡು ಜಾಗಗಳಲ್ಲಿ ಇರುವುದು ಫೋಟೊದೊಂದಿಗೆ ಪ್ರಯಾಣ ಮಾಡುತ್ತದೆ. ಮೂರನೆಯದರಲ್ಲಿ ಇರುವುದು, ಯಾರಾದರೂ ಹೊರಗೆ ತೆಗೆಯದಿದ್ದರೆ, ಹಳೆಯ ತಂತ್ರಾಂಶದ ಜೊತೆಗೇ ಉಳಿಯುತ್ತದೆ. ಕಷ್ಟವೇನೆಂದರೆ, ಪರದೆಯ ಮೇಲೆ ಈ ವ್ಯತ್ಯಾಸ ಕಾಣುವುದೇ ಇಲ್ಲ; ಫೈಲಿನೊಳಗೆ ಇರುವ ಟಿಪ್ಪಣಿಯೂ ಡೇಟಾಬೇಸಿನಲ್ಲಿ ಮಾತ್ರ ಇರುವ ಟಿಪ್ಪಣಿಯೂ ಒಂದೇ ಪಟ್ಟಿಯಲ್ಲಿ ಒಂದೇ ಅಕ್ಷರದಲ್ಲಿ ಕಾಣಿಸುತ್ತವೆ. ಹಾಗಾಗಿ ಈಗಲೇ ಒಂದು ಪರೀಕ್ಷೆ ಮಾಡಿ ನೋಡಿ. ಚೆನ್ನಾಗಿ ಟಿಪ್ಪಣಿ ಬರೆದಿರುವ ಒಂದೇ ಒಂದು ಫೋಟೊವನ್ನು ಬೇರೆ ಫೋಲ್ಡರಿಗೆ ಕಾಪಿ ಮಾಡಿ, ಅದನ್ನು ಹಳೆಯದೂ ಅಲ್ಲದ ಹೊಸದೂ ಅಲ್ಲದ ಇನ್ನೊಂದು ತಂತ್ರಾಂಶದಲ್ಲಿ ತೆರೆಯಿರಿ. ಫಿಲ್ ಹಾರ್ವಿ ಅವರು ರೂಪಿಸಿ ಉಚಿತವಾಗಿ ಕೊಟ್ಟಿರುವ ಎಕ್ಸಿಫ್‌ಟೂಲ್ ಈ ಕೆಲಸಕ್ಕೆ ಅತ್ಯುತ್ತಮ, ಏಕೆಂದರೆ ಅದು ಫೈಲಿನೊಳಗೆ ಇರುವುದನ್ನೆಲ್ಲ ಯಾವ ಗುಂಪಿಗೆ ಸೇರಿದ್ದೆಂಬ ಸಮೇತ ತೋರಿಸುತ್ತದೆ. ಅಲ್ಲಿ ಕಾಣದ ಹೆಸರು ಸಾಗಣೆಯಲ್ಲಿ ಬರುವುದಿಲ್ಲವೆಂದೇ ತಿಳಿಯಿರಿ.

ಮೊದಲು ಮುಟ್ಟದ ಪ್ರತಿ

ಯಾವುದನ್ನೂ ಬರೆಸುವ ಮೊದಲು ಇಡೀ ಸಂಗ್ರಹದ, ಹಳೆಯ ತಂತ್ರಾಂಶದ ಡೇಟಾಬೇಸ್ ಸಮೇತ, ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದು, ಚೆಕ್‌ಸಮ್ (ಫೈಲಿನ ಒಳಗಿರುವುದೆಲ್ಲವನ್ನೂ ಲೆಕ್ಕಕ್ಕೆ ಹಿಡಿದು ಬರುವ ಗುರುತಿನ ಸಂಖ್ಯೆ) ಲೆಕ್ಕಹಾಕಿ ಎರಡೂ ಒಂದೇ ಎಂದು ಖಚಿತಪಡಿಸಿಕೊಂಡು, ಆ ಡಿಸ್ಕನ್ನು ಕಳಚಿ ಪಕ್ಕಕ್ಕೆ ಇಡಬೇಕು. ಈ ಕ್ರಮ ಹಿಂದುಮುಂದಾಗಬಾರದು: ಫೈಲಿಗೆ ಒಂದು ಟ್ಯಾಗ್ ಬರೆದರೂ ಅದರ ಚೆಕ್‌ಸಮ್ ಬದಲಾಗುತ್ತದೆ, ಆಮೇಲೆ ಹೋಲಿಸಿ ಪ್ರಯೋಜನವಿಲ್ಲ. ಕಾಪಿ ಮಾಡುವಾಗ ಅಡಗಿಸಿಟ್ಟ ಫೈಲುಗಳನ್ನೂ ಸೇರಿಸಿಕೊಳ್ಳಿ. ಡಿಸ್ಕು ಹಳೆಯದಾಗಿದ್ದು ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ವಿಡಿಯೊ ಅದರಲ್ಲಿ ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್ ಆದರೆ ಈ ತೊಡಕಿಲ್ಲ.

ಹಳೆಯ ತಂತ್ರಾಂಶದಿಂದ ಹೊರಗೆ ತೆಗೆಯುವುದು

ಅಡೋಬಿಯ ಲೈಟ್‌ರೂಮ್ ಕ್ಲಾಸಿಕ್ ತನ್ನ ಎಲ್ಲ ಲೆಕ್ಕವನ್ನೂ ಕ್ಯಾಟಲಾಗ್ ಎಂಬ ಒಂದೇ ಡೇಟಾಬೇಸಿನಲ್ಲಿ ಇಡುತ್ತದೆ. ಎಲ್ಲ ಫೋಟೊಗಳನ್ನೂ ಆಯ್ದುಕೊಂಡು ಮೆಟಾಡೇಟಾವನ್ನು, ಎಂದರೆ ಫೋಟೊದ ಬಗೆಗಿನ ಮಾಹಿತಿಯನ್ನು, ಫೈಲಿಗೆ ಉಳಿಸುವ ಆದೇಶ ಕೊಟ್ಟರೆ ಶೀರ್ಷಿಕೆ, ಟ್ಯಾಗ್, ನಕ್ಷತ್ರ, ಸ್ಥಳ ಇವೆಲ್ಲ ಜೆಪೆಗ್‌ಗಳ ಒಳಗೂ, ರಾ ಫೈಲುಗಳ ಪಕ್ಕದ ಸೈಡ್‌ಕಾರ್‌ಗಳಿಗೂ ಇಳಿಯುತ್ತವೆ. ಆದರೆ ಕಲೆಕ್ಷನ್ ಎಂದು ಅದು ಕರೆಯುವ ಆಲ್ಬಮ್‌ಗಳು, ಒಂದೇ ಫೋಟೊವನ್ನು ಇನ್ನೊಂದು ಬಗೆಯಲ್ಲಿ ತಿದ್ದಿಟ್ಟ ವರ್ಚುವಲ್ ಕಾಪಿಗಳು, ಒಂದರ ಮೇಲೊಂದು ಪೇರಿಸಿದ ಸ್ಟ್ಯಾಕ್‌ಗಳು ಹಾಗೆ ಇಳಿಯುವುದಿಲ್ಲ. ಕಲೆಕ್ಷನ್‌ಗಳನ್ನು ಉಳಿಸಿಕೊಳ್ಳಲು ಸುಲಭವಾದ ದಾರಿ ಇದು: ಒಂದೊಂದು ಕಲೆಕ್ಷನ್ನನ್ನೂ ತೆರೆದು, ಅದರಲ್ಲಿರುವ ಎಲ್ಲ ಚಿತ್ರಗಳಿಗೂ "ಆಲ್ಬಮ್" ಎಂಬ ಪದದಿಂದ ಆರಂಭವಾಗುವ ಒಂದು ಟ್ಯಾಗ್ ಹಚ್ಚಿ, ಮೆಟಾಡೇಟಾವನ್ನು ಮತ್ತೆ ಉಳಿಸುವುದು. ಹೊಸ ತಂತ್ರಾಂಶದಲ್ಲಿ ಆ ಟ್ಯಾಗನ್ನು ಹುಡುಕಿ, ಸಿಕ್ಕಿದ್ದೆಲ್ಲವನ್ನೂ ಒಂದು ಆಲ್ಬಮ್ಮಿಗೆ ಹಾಕಿದರೆ ಆಯಿತು. ಐವತ್ತು ಆಲ್ಬಮ್‌ಗಳಿದ್ದವರಿಗೆ ಇದು ಒಂದು ಸಂಜೆಯ ಕೆಲಸ. ಬೇಸರ ತರುವಂಥದ್ದಾದರೂ ಯಾವ ತಂತ್ರಾಂಶದಿಂದ ಯಾವ ತಂತ್ರಾಂಶಕ್ಕೆ ಹೋಗುವುದಾದರೂ ನಡೆಯುವ ಉಪಾಯವಾದ್ದರಿಂದ ನಾನು ಇದನ್ನೇ ಎಲ್ಲರಿಗೂ ಹೇಳುತ್ತೇನೆ.

ಪಿಕಾಸಾ ತಾನು ಮಾಡಿದ ತಿದ್ದುಪಡಿ, ನಕ್ಷತ್ರ ಮತ್ತು ಮುಖದ ಚೌಕಟ್ಟುಗಳನ್ನು ಪ್ರತಿ ಫೋಲ್ಡರಿನಲ್ಲೂ ಅಡಗಿಸಿಟ್ಟ ಒಂದು ಐಎನ್‌ಐ ಫೈಲಿನಲ್ಲಿ ಬರೆಯುತ್ತಿತ್ತು. ತಿದ್ದಿ ಉಳಿಸಿದ ಚಿತ್ರದ ಮೂಲವನ್ನು ಇನ್ನೊಂದು ಅಡಗಿದ ಫೋಲ್ಡರಿನಲ್ಲಿ ಇಡುತ್ತಿತ್ತು. ಕಾಣುವ ಫೋಟೊಗಳನ್ನಷ್ಟೇ ಎಳೆದು ಬೇರೆಡೆಗೆ ಹಾಕಿದವರು ತಿದ್ದುವ ಮೊದಲಿನ ಮೂಲಗಳನ್ನು ಅಲ್ಲೇ ಬಿಟ್ಟು ಬಂದಿರುತ್ತಾರೆ. ಇಂಥ ಹಳೆಯ ಫೋಲ್ಡರುಗಳು ನಿಮ್ಮಲ್ಲಿ ಇನ್ನೂ ಇದ್ದರೆ, ಅಡಗಿದ ಫೈಲುಗಳನ್ನು ತೋರಿಸುವಂತೆ ಮಾಡಿ ಒಮ್ಮೆ ನೋಡುವುದು ಒಳ್ಳೆಯದು.

ಆಪಲ್‌ನ ಫೋಟೋಸ್ ಸಂಗ್ರಹವನ್ನು ಬಗೆದು ಒಳಗಿನ ಫೈಲುಗಳನ್ನು ನೇರವಾಗಿ ಎತ್ತಿಕೊಳ್ಳುವ ಆಸೆ ಅನೇಕರಿಗೆ ಆಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಈಚಿನ ಆವೃತ್ತಿಗಳಲ್ಲಿ ಮೂಲ ಫೈಲುಗಳಿಗೆ ಅಂಕಿ-ಅಕ್ಷರ ಬೆರೆತ ಉದ್ದದ ಹೆಸರುಗಳಿರುತ್ತವೆ, ಕ್ಯಾಮೆರಾ ಕೊಟ್ಟ ಹೆಸರು ಡೇಟಾಬೇಸಿನಲ್ಲಿ ಮಾತ್ರ ಇರುತ್ತದೆ. ತಿದ್ದದ ಮೂಲವನ್ನು ಎಕ್ಸ್‌ಎಂಪಿ ಸಹಿತ ಹೊರತೆಗೆಯುವ ಆಯ್ಕೆ ಆ ತಂತ್ರಾಂಶದಲ್ಲೇ ಇದೆ. ಆಲ್ಬಮ್ಮಿಗೊಂದು ಫೋಲ್ಡರಿನಂತೆ ತೆಗೆದರೆ ಆಲ್ಬಮ್‌ಗಳೂ ಉಳಿಯುತ್ತವೆ. ತಿದ್ದಿದ ಚಿತ್ರಗಳನ್ನು ಇನ್ನೊಂದು ಸುತ್ತಿನಲ್ಲಿ ಪ್ರತ್ಯೇಕವಾಗಿ ತೆಗೆಯಬೇಕು. ಲೈವ್ ಫೋಟೊ ಎಂದರೆ ಒಂದು ಸ್ಥಿರಚಿತ್ರ ಮತ್ತು ಒಂದು ಪುಟ್ಟ ವಿಡಿಯೊದ ಜೋಡಿ ಎಂಬುದನ್ನು ನೆನಪಿಡಿ. ಎರಡನ್ನೂ ಒಂದೇ ಫೋಲ್ಡರಿನಲ್ಲಿ, ಹೆಸರು ಬದಲಿಸದೆ ಇಟ್ಟರೆ ಮಾತ್ರ ಮುಂದೆ ಯಾವುದಾದರೂ ತಂತ್ರಾಂಶ ಅವನ್ನು ಜೋಡಿಯೆಂದು ಗುರುತಿಸೀತು.

ಗೂಗಲ್ ಫೋಟೋಸ್‌ನಿಂದ ಟೇಕ್‌ಔಟ್ ಎಂಬ ಗೂಗಲ್ ಸೇವೆಯ ಮೂಲಕ ತರಿಸಿಕೊಂಡ ಜಿಪ್ ಫೈಲುಗಳ ಸಮಸ್ಯೆ ಬೇರೆ ಬಗೆಯದು. ಪ್ರತಿ ಫೋಟೊದ ಪಕ್ಕ, ಅದರ ಮಾಹಿತಿಯನ್ನು ಪಠ್ಯವಾಗಿ ಹಿಡಿದಿಟ್ಟ ಒಂದು ಜೇಸನ್ ಫೈಲು ಬರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ನೀವು ಬದಲಿಸಿದ ದಿನಾಂಕ, ಬರೆದ ವಿವರಣೆ, ಸೇರಿಸಿದ ಸ್ಥಳ ಈ ಜೇಸನ್‌ನಲ್ಲಿ ಮಾತ್ರ ಇರುತ್ತವೆ, ಚಿತ್ರದೊಳಗೆ ಅಲ್ಲ. ಫೋಟೊ ಒಂದು ಜಿಪ್‌ನಲ್ಲೂ ಅದರ ಜೇಸನ್ ಇನ್ನೊಂದು ಜಿಪ್‌ನಲ್ಲೂ ಇರಬಹುದಾದ್ದರಿಂದ, ಎಲ್ಲ ಜಿಪ್‌ಗಳನ್ನೂ ಒಂದೇ ಕಡೆ ಬಿಡಿಸಿದ ಮೇಲೆಯೇ ಜೋಡಿಸಲು ಹೊರಡಿ. ಹೆಸರು ಉದ್ದವಾಗಿದ್ದರೆ ಜೇಸನ್ನಿನ ಹೆಸರು ಮೊಟಕಾಗಿರುತ್ತದೆ. ಒಂದೇ ಹೆಸರಿನ ಎರಡು ಫೋಟೊಗಳಿದ್ದರೆ ಅವುಗಳನ್ನು ಬೇರ್ಪಡಿಸುವ ಆವರಣದ ಅಂಕಿ ಫೋಟೊದಲ್ಲಿ ಒಂದು ಜಾಗದಲ್ಲಿ, ಜೇಸನ್‌ನಲ್ಲಿ ಇನ್ನೊಂದು ಜಾಗದಲ್ಲಿ ಬರುವುದೂ ಉಂಟು. ಎಕ್ಸಿಫ್‌ಟೂಲ್ ಈ ಜೇಸನ್‌ಗಳನ್ನು ಓದಿ ಫೋಟೊಗೆ ಬರೆಯಬಲ್ಲದು. ಆದರೆ ಕ್ಯಾಮೆರಾ ಬರೆದ ದಿನಾಂಕ ಚಿತ್ರದೊಳಗೆ ಇದ್ದಾಗ ಅದರ ಮೇಲೆ ಜೇಸನ್ನಿನ ದಿನಾಂಕವನ್ನು ಸಾರಾಸಗಟಾಗಿ ಬರೆಯಬಾರದು. ದಿನಾಂಕವೇ ಇಲ್ಲದ ಫೋಟೊಗಳಿಗೆ ಮಾತ್ರ ಅದನ್ನು ತುಂಬಿಸಬೇಕು.

ದಿನಾಂಕಗಳು

ಮೇಲಿನ ಎಚ್ಚರಿಕೆಗೆ ಕಾರಣ ಕಾಲವಲಯ. ಜೇಸನ್‌ನಲ್ಲಿರುವ ಸಮಯ ಯುಟಿಸಿ, ಎಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದ ಲೆಕ್ಕದ್ದು. ಕ್ಯಾಮೆರಾ ಬರೆಯುವುದು ತನ್ನ ಗಡಿಯಾರದಲ್ಲಿರುವ ಸ್ಥಳೀಯ ಸಮಯವನ್ನು. ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವ ಕಡೆ ಜನವರಿ 1ರ ನಸುಕಿನ 1 ಗಂಟೆಗೆ ತೆಗೆದ ಫೋಟೊಗೆ ಯುಟಿಸಿ ಸಮಯವನ್ನು ಹಾಗೇ ಬರೆದರೆ ಅದು ಹಿಂದಿನ ವರ್ಷದ ಡಿಸೆಂಬರ್ 31ರ ಸಂಜೆ 7.30ಕ್ಕೆ ಹೋಗಿ ಕೂರುತ್ತದೆ. ಎಕ್ಸಿಫ್‌ನಲ್ಲಿ ಕಾಲವಲಯವನ್ನು ಬರೆಯಲು ಜಾಗ ಬಂದದ್ದೇ 2016ರ 2.31ನೆಯ ಆವೃತ್ತಿಯಲ್ಲಿ, ಹಾಗಾಗಿ ಅದಕ್ಕಿಂತ ಹಳೆಯ ಫೋಟೊಗಳಲ್ಲಿ ಈ ಮಾಹಿತಿಯನ್ನು ನಿರೀಕ್ಷಿಸುವಂತಿಲ್ಲ. ವಿಡಿಯೊಗಳದ್ದು ಇದಕ್ಕೂ ಹೆಚ್ಚಿನ ಗೊಂದಲ. ಎಂಪಿ4 ಮತ್ತು ಮೂವ್ ಫೈಲುಗಳಲ್ಲಿ ಸಮಯ ಯುಟಿಸಿಯಲ್ಲಿ ಇರಬೇಕೆಂಬ ನಿಯಮವಿದ್ದರೂ ಕೆಲವು ಕ್ಯಾಮೆರಾಗಳು ಸ್ಥಳೀಯ ಸಮಯವನ್ನೇ ಬರೆದುಬಿಡುತ್ತವೆ. ಒಂದೇ ಸಮಾರಂಭದ ಫೋಟೊಗಳು ಒಂದು ಹೊತ್ತಿನಲ್ಲೂ ವಿಡಿಯೊಗಳು ಹಲವು ಗಂಟೆ ಆಚೀಚೆಯೂ ಕಂಡರೆ ಕಾರಣ ಇದೇ. ಆ ಕ್ಯಾಮೆರಾದ ವಿಡಿಯೊಗಳನ್ನೆಲ್ಲ ಒಟ್ಟಿಗೆ ಆಯ್ದು ಅಷ್ಟೇ ಗಂಟೆ ಸರಿಸಿದರೆ ನೇರವಾಗುತ್ತದೆ.

ಸ್ಕ್ಯಾನ್ ಮಾಡಿದ ಫೋಟೊಗಳಲ್ಲಿ ದಿನಾಂಕ ಇಲ್ಲದೆ ಇರಬಹುದು, ಅಥವಾ ಸ್ಕ್ಯಾನ್ ಮಾಡಿದ ದಿನ ಇರಬಹುದು. ದಿನಾಂಕ ಇಲ್ಲದವನ್ನು ಹೊಸ ತಂತ್ರಾಂಶ ಫೈಲಿನ ದಿನಾಂಕದ ಪ್ರಕಾರ ಜೋಡಿಸುತ್ತದೆ, ಮತ್ತು ಆ ದಿನಾಂಕ ಕಾಪಿ ಮಾಡುವ ಭರದಲ್ಲಿ ಇಂದಿನದಾಗಿ ಬದಲಾಗಿರುವುದುಂಟು. ಸಾಗಣೆಗೆ ಮೊದಲು ಇವಕ್ಕೆ ಅಂದಾಜಿನದ್ದಾದರೂ ಒಂದು ದಿನಾಂಕವನ್ನು ಎಕ್ಸಿಫ್‌ಗೆ ಬರೆಯಿರಿ. ವರ್ಷ ಮಾತ್ರ ಗೊತ್ತಿದ್ದರೆ ಆ ವರ್ಷದ ಜನವರಿ 1 ಎಂದು ಬರೆದು, "ದಿನಾಂಕ ಅಂದಾಜು" ಎಂಬ ಟ್ಯಾಗ್ ಜೊತೆಗಿಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊಗಳೊಳಗೆ ಕ್ಯಾಮೆರಾದ ದಿನಾಂಕ ಉಳಿದಿರುವುದಿಲ್ಲ, ಆದರೆ ಆಂಡ್ರಾಯ್ಡ್ ಫೋನಿನಲ್ಲಿ ಉಳಿಸಿದ ಇಂಥ ಫೈಲಿನ ಹೆಸರಿನಲ್ಲಿ ವರ್ಷ, ತಿಂಗಳು, ದಿನವನ್ನು ಸೂಚಿಸುವ ಎಂಟು ಅಂಕಿಗಳಿರುತ್ತವೆ. 20190815 ಎಂದಿದ್ದರೆ 2019ರ ಆಗಸ್ಟ್ 15. ಅದು ತೆಗೆದ ದಿನವಲ್ಲ, ನಿಮಗೆ ತಲುಪಿದ ದಿನ. ಆದರೂ ಏನೂ ಇಲ್ಲದ್ದಕ್ಕಿಂತ ಬಹಳ ಮೇಲು. ಸಾಗಿಸುವಾಗ ಈ ಹೆಸರುಗಳನ್ನು ಬದಲಿಸಬೇಡಿ.

ಕನ್ನಡದಲ್ಲಿ ಬರೆದ ಟ್ಯಾಗುಗಳು ಮತ್ತು ಹೆಸರುಗಳು

ಇಂಗ್ಲಿಷಿನಲ್ಲಿ ಬರೆದ ಮಾರ್ಗದರ್ಶಿಗಳು ಹೇಳದೆ ಬಿಡುವ, ನಮಗೆ ಮಾತ್ರ ಎದುರಾಗುವ ಕೆಲವು ತೊಡಕುಗಳಿವೆ. ಹಳೆಯ ಐಪಿಟಿಸಿಯಲ್ಲಿ ಒಂದು ಟ್ಯಾಗ್ 64 ಬೈಟ್‌ಗಳನ್ನು ಮೀರುವಂತಿಲ್ಲ. ಇಂಗ್ಲಿಷಿನಲ್ಲಿ ಅದು 64 ಅಕ್ಷರ. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಒತ್ತಕ್ಷರ ಮತ್ತು ಗುಣಿತ ಚಿಹ್ನೆಗಳಿಗೂ ಪ್ರತ್ಯೇಕ ಲೆಕ್ಕ. "ಅಜ್ಜಿಯ ಎಪ್ಪತ್ತನೆಯ ಹುಟ್ಟುಹಬ್ಬ" ಎಂಬ ಟ್ಯಾಗನ್ನು ನೋಡಿ. ಎರಡು ಖಾಲಿ ಜಾಗಗಳನ್ನು ಬಿಟ್ಟು 26 ಸಂಕೇತಗಳು, ಎಲ್ಲ ಸೇರಿ 80 ಬೈಟ್. ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸುವ ತಂತ್ರಾಂಶದಲ್ಲಿ ಇದು "ಅಜ್ಜಿಯ ಎಪ್ಪತ್ತನೆಯ ಹುಟ್" ಎಂಬಲ್ಲಿಗೆ ತುಂಡಾಗಿ, ಕೊನೆಗೆ ಅರ್ಧ ಕತ್ತರಿಸಿದ ಸಂಕೇತವೊಂದು ಚೌಕವಾಗಿಯೋ ಪ್ರಶ್ನೆಚಿಹ್ನೆಯಾಗಿಯೋ ಉಳಿಯುತ್ತದೆ. ಎಕ್ಸ್‌ಎಂಪಿಯಲ್ಲಿ ಈ ಮಿತಿ ಇಲ್ಲ. ಆದ್ದರಿಂದ ಹಳೆಯ ತಂತ್ರಾಂಶ ಎರಡಕ್ಕೂ ಬರೆಯುತ್ತಿದ್ದರೆ, ಹೊಸದು ಎಕ್ಸ್‌ಎಂಪಿಯನ್ನೇ ಮೊದಲು ಓದುವಂತೆ ಅದರ ಆಯ್ಕೆಗಳಲ್ಲಿ ಹೊಂದಿಸಿ. ಡಿಜಿಕ್ಯಾಮ್‌ನಂಥ ತಂತ್ರಾಂಶಗಳು ಈ ಆದ್ಯತೆಯನ್ನು ಬಳಕೆದಾರರಿಗೇ ಬಿಡುತ್ತವೆ. ಐಪಿಟಿಸಿ ಯಾವ ಅಕ್ಷರ ಸಂಕೇತದಲ್ಲಿದೆ ಎಂಬ ಗುರುತನ್ನೇ ಫೈಲಿನಲ್ಲಿ ಹಾಕದ ಹಳೆಯ ತಂತ್ರಾಂಶಗಳೂ ಇದ್ದವು. ಅವು ಬರೆದ ಕನ್ನಡ ಇನ್ನೊಂದು ಕಡೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಬೈಟ್‌ಗಳು ಹಾಳಾಗಿಲ್ಲವಾದ್ದರಿಂದ, ಅವನ್ನು ಯುಟಿಎಫ್-8 ಎಂದು ಓದುವಂತೆ ಎಕ್ಸಿಫ್‌ಟೂಲ್‌ಗೆ ತಿಳಿಸಿದರೆ ಹೆಚ್ಚಿನ ಸಂದರ್ಭಗಳಲ್ಲಿ ಕನ್ನಡ ಮರಳಿ ಬರುತ್ತದೆ. ಅಕ್ಷರಗಳ ಜಾಗದಲ್ಲಿ ನಿಜವಾದ ಪ್ರಶ್ನೆಚಿಹ್ನೆಗಳೇ ಬರೆದುಹೋಗಿದ್ದರೆ ಮಾತ್ರ ಅದನ್ನು ಉಳಿಸಿಕೊಳ್ಳಲು ಮೊದಲಿನ ಬ್ಯಾಕಪ್ಪೇ ಗತಿ.

ಫೋಲ್ಡರಿನ ಹೆಸರು ಕನ್ನಡದಲ್ಲಿದ್ದರೆ ಇನ್ನೊಂದು ವಿಚಿತ್ರ ಕಾಣಬಹುದು. ಯೂನಿಕೋಡ್‌ನಲ್ಲಿ ಓಕಾರ, ಏಕಾರ, ಐಕಾರ, ಈಕಾರದಂಥ ಗುಣಿತ ಚಿಹ್ನೆಗಳನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿಟ್ಟ ತುಂಡುಗಳಾಗಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವಿಧಾನ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ವಿಂಡೋಸ್ ಮತ್ತು ಲಿನಕ್ಸ್ ಕೀಲಿಮಣೆಯಿಂದ ಬಂದ ರೂಪದಲ್ಲೇ ಇಡುತ್ತವೆ. "ಮೊದಲ ಪ್ರವಾಸ" ಎಂಬ ಫೋಲ್ಡರ್ ಹಳೆಯ ಮ್ಯಾಕ್ ಡಿಸ್ಕಿನಿಂದ ಒಮ್ಮೆ, ಬೇರೆ ಕಂಪ್ಯೂಟರಿನಿಂದ ಇನ್ನೊಮ್ಮೆ ಒಂದೇ ಲಿನಕ್ಸ್ ಡಿಸ್ಕಿಗೆ ಬಂದರೆ, ಕಣ್ಣಿಗೆ ಅಕ್ಷರಶಃ ಒಂದೇ ಆಗಿರುವ ಎರಡು ಫೋಲ್ಡರುಗಳು ಪಕ್ಕಪಕ್ಕ ನಿಲ್ಲುತ್ತವೆ, ಡೇಟಾಬೇಸ್ ಒಂದನ್ನು ಹುಡುಕಿ "ಫೈಲ್ ಸಿಗಲಿಲ್ಲ" ಎನ್ನುತ್ತದೆ. ಹಾಗಾದಾಗ ಎರಡರ ಒಳಗಿನದನ್ನೂ ಹೊಸದಾಗಿ ಹೆಸರಿಟ್ಟ ಮೂರನೆಯ ಫೋಲ್ಡರಿಗೆ ಸೇರಿಸಿ, ಹಳೆಯವೆರಡನ್ನೂ ತೆಗೆದುಹಾಕಿ.

ಮುಖಗಳು, ಬಣ್ಣದ ಗುರುತುಗಳು, ತಿದ್ದುಪಡಿಗಳು

ಮುಖಕ್ಕೆ ಹಚ್ಚಿದ ಹೆಸರನ್ನು ಚೌಕಟ್ಟಿನ ಸಮೇತ ಬರೆಯಲು ಒಂದಕ್ಕಿಂತ ಹೆಚ್ಚು ಪದ್ಧತಿಗಳಿವೆ. ಮೆಟಾಡೇಟಾ ವರ್ಕಿಂಗ್ ಗ್ರೂಪ್ ಸೂಚಿಸಿದ್ದು ಒಂದು, ಮೈಕ್ರೋಸಾಫ್ಟ್‌ನದು ಇನ್ನೊಂದು. ಒಂದು ತಂತ್ರಾಂಶ ಬರೆದದ್ದನ್ನು ಇನ್ನೊಂದು ಓದದಿರಬಹುದು, ಓದಿದರೂ ಮಧ್ಯದಲ್ಲಿ ಫೋಟೊವನ್ನು ತಿರುಗಿಸಿಯೋ ಕತ್ತರಿಸಿಯೋ ಇದ್ದರೆ ಚೌಕಟ್ಟು ಮುಖ ಬಿಟ್ಟು ಗೋಡೆಯ ಮೇಲೆ ಕೂತಿರಬಹುದು. ಹೆಸರು ಚೌಕಟ್ಟಿಗಿಂತ ಮುಖ್ಯ. ಆದ್ದರಿಂದ ಹಳೆಯ ತಂತ್ರಾಂಶದಲ್ಲಿ ಒಬ್ಬೊಬ್ಬ ವ್ಯಕ್ತಿಯ ಫೋಟೊಗಳನ್ನು ಒಟ್ಟಿಗೆ ಆಯ್ದು, ಆ ಹೆಸರನ್ನೇ ಸಾಮಾನ್ಯ ಟ್ಯಾಗ್ ಆಗಿಯೂ ಹಾಕಿಬಿಡಿ. ಹಳೆಯ ಗುಂಪು ಫೋಟೊಗಳಲ್ಲಿ ವಿವರಣೆಯ ಜಾಗದಲ್ಲಿ "ನಿಂತವರು, ಎಡದಿಂದ" ಎಂದು ಆರಂಭಿಸಿ ಹೆಸರುಗಳನ್ನು ಪೂರ್ತಿ ವಾಕ್ಯದಲ್ಲಿ ಬರೆದಿಟ್ಟರೆ ಯಾವ ಪದ್ಧತಿಯ ಹಂಗೂ ಇರುವುದಿಲ್ಲ.

ಟ್ಯಾಗುಗಳನ್ನು ಮರದಂತೆ ಕವಲೊಡೆಸಿದ್ದರೆ, ಲೈಟ್‌ರೂಮ್ ಅವುಗಳ ನಡುವೆ ನೇರ ಗೆರೆಯನ್ನೂ (|) ಡಿಜಿಕ್ಯಾಮ್ ಓರೆ ಗೆರೆಯನ್ನೂ (/) ಬಳಸುತ್ತವೆ. "ಕುಟುಂಬ" ಎಂಬುದರ ಕೆಳಗೆ ಬರಬೇಕಾದ "ಚಿಕ್ಕಮ್ಮ" ಗೆರೆಯ ಸಮೇತ ಒಂದೇ ಪದವಾಗಿ ಬಂದರೆ ಕಾರಣ ಅದು. ನಕ್ಷತ್ರಗಳು ಸಾಮಾನ್ಯವಾಗಿ ಸುಖವಾಗಿ ಬರುತ್ತವೆ. ಅಪರ್ಚರ್‌ನಿಂದ ಫೋಟೋಸ್‌ಗೆ ಹೋದವರಿಗೆ ಮಾತ್ರ ಅವು ಟ್ಯಾಗುಗಳಾಗಿ ಮಾರ್ಪಟ್ಟವು. ಬಣ್ಣದ ಗುರುತುಗಳು ಎಕ್ಸ್‌ಎಂಪಿಯಲ್ಲಿ ಬಣ್ಣವಾಗಿ ಅಲ್ಲ, ಪದವಾಗಿ ಉಳಿಯುವುದರಿಂದ ತಂತ್ರಾಂಶದ ಭಾಷೆ ಬದಲಾದರೆ ಗುರುತು ಸಿಗದೆ ಹೋಗುತ್ತವೆ. ಅವನ್ನು ನೆಚ್ಚಿಕೊಳ್ಳದಿರುವುದು ಮೇಲು.

ರಾ ಫೈಲಿನ ಮೇಲೆ ಮಾಡಿದ ತಿದ್ದುಪಡಿಗಳನ್ನು ಒಂದು ತಂತ್ರಾಂಶ ಮಾಡಿದಂತೆಯೇ ಇನ್ನೊಂದು ಮಾಡಲಾರದು. ಡಾರ್ಕ್‌ಟೇಬಲ್ ಎಂಬ ತಂತ್ರಾಂಶ ಲೈಟ್‌ರೂಮ್‌ನ ಕೆಲವು ಹೊಂದಾಣಿಕೆಗಳನ್ನು ಓದುತ್ತದಾದರೂ ಫಲಿತಾಂಶ ಅದೇ ಆಗಿರುವುದಿಲ್ಲ. ಮನಸ್ಸಿಟ್ಟು ತಿದ್ದಿದ ಚಿತ್ರಗಳನ್ನು 16 ಬಿಟ್ ಟಿಫ್ ಆಗಿ, ಉಳಿದವನ್ನು ಉತ್ತಮ ಗುಣಮಟ್ಟದ ಜೆಪೆಗ್ ಆಗಿ ಹೊರತೆಗೆದು ಮೂಲ ರಾ ಫೈಲಿನ ಪಕ್ಕದಲ್ಲೇ ಇಡಿ. ತಿದ್ದದ ಜೆಪೆಗ್‌ಗಳನ್ನು ಮಾತ್ರ ಮರು-ರಫ್ತು ಮಾಡಬೇಡಿ. ಪ್ರತಿ ಸಲ ಮರು-ಕುಗ್ಗಿಸಿದಾಗಲೂ ಸ್ವಲ್ಪ ವಿವರ ಕರಗುತ್ತದೆ, ಮೂಲ ಫೈಲನ್ನು ಹಾಗೇ ಕಾಪಿ ಮಾಡಿದರೆ ಏನೂ ಕರಗುವುದಿಲ್ಲ. ಸೈಡ್‌ಕಾರ್‌ಗಳ ಹೆಸರಿನ ಕಡೆಗೂ ಗಮನವಿರಲಿ. ಅಡೋಬಿಯವು ಫೋಟೊದ ವಿಸ್ತರಣೆಯನ್ನು ತೆಗೆದು ಅದರ ಜಾಗದಲ್ಲಿ ಎಕ್ಸ್‌ಎಂಪಿ ಎಂದು ಹಾಕುತ್ತವೆ, ಡಾರ್ಕ್‌ಟೇಬಲ್ ಮತ್ತು ಡಿಜಿಕ್ಯಾಮ್ ಪೂರ್ತಿ ಹೆಸರಿನ ಕೊನೆಗೆ ಅದನ್ನು ಜೋಡಿಸುತ್ತವೆ. ಡಿಜಿಕ್ಯಾಮ್‌ನಲ್ಲಿ ಮೊದಲ ಬಗೆಗೆ ಹೊಂದಿಕೊಳ್ಳುವ ಆಯ್ಕೆಯೊಂದಿದೆ. ಆಮದು ಮಾಡುವ ಮೊದಲೇ ಅದನ್ನು ಹೊಂದಿಸಬೇಕು.

ನೂರು ಫೋಟೊಗಳ ಪ್ರಯೋಗ

ಇಡೀ ಸಂಗ್ರಹವನ್ನು ಸಾಗಿಸುವ ಮೊದಲು ನೂರು ಫೋಟೊಗಳನ್ನು ಆರಿಸಿಕೊಳ್ಳಿ, ಸುಲಭವಾದವನ್ನಲ್ಲ, ತೊಂದರೆ ಕೊಡಬಲ್ಲವನ್ನು: ಸ್ಕ್ಯಾನ್ ಮಾಡಿದವು, ಅಡ್ಡ ಹಿಡಿದು ತೆಗೆದು ಆಮೇಲೆ ತಿರುಗಿಸಿದವು, ಉದ್ದದ ಕನ್ನಡ ಟ್ಯಾಗ್ ಇರುವವು, ಎರಡು ಆಲ್ಬಮ್‌ಗಳಲ್ಲಿರುವವು, ರಾ ಮತ್ತು ಜೆಪೆಗ್ ಜೋಡಿಯಾಗಿರುವವು, ಐಫೋನ್ ಬಳಸುವ ಎಚ್‌ಇಐಸಿ ರೂಪದಲ್ಲಿರುವವು, ಕೆಲವು ವಿಡಿಯೊಗಳು, ಐದಾರು ಮುಖಗಳಿಗೆ ಹೆಸರು ಹಚ್ಚಿರುವ ಗುಂಪು ಫೋಟೊಗಳು. ಇವುಗಳ ಪ್ರತಿಯನ್ನು ಖಾಲಿ ಸಂಗ್ರಹವೊಂದಕ್ಕೆ ಆಮದು ಮಾಡಿ, ಹಳೆಯ ತಂತ್ರಾಂಶವನ್ನೂ ಹೊಸದನ್ನೂ ಅಕ್ಕಪಕ್ಕ ತೆರೆದುಕೊಂಡು ಒಂದೊಂದನ್ನೂ ಹೋಲಿಸಿ. ತಪ್ಪು ಕಂಡರೆ ಹೊಸದರಲ್ಲಿ ಕೈಯಿಂದ ಸರಿಪಡಿಸಲು ಹೋಗದೆ, ಹಳೆಯದರಲ್ಲಿ ಬರೆಸುವ ಹಂತಕ್ಕೆ ಮರಳಿ ಅಲ್ಲೇ ಸರಿಪಡಿಸಿ ಮತ್ತೆ ಆಮದು ಮಾಡಿ. ನೂರರಲ್ಲಿ ಮೂರು ತಪ್ಪಿದರೆ ಮೂವತ್ತು ಸಾವಿರದಲ್ಲಿ ಅದು ಸಾವಿರದ ಹತ್ತಿರ ಹೋಗುತ್ತದೆ.

ಪೂರ್ತಿ ಸಾಗಣೆ ಆದ ಮೇಲೆ ಮೊದಲು ಎಣಿಕೆ ಹೋಲಿಸಿ: ಜೆಪೆಗ್ ಎಷ್ಟು, ರಾ ಎಷ್ಟು, ವಿಡಿಯೊ ಎಷ್ಟು, ನಕ್ಷತ್ರವಿರುವವು ಎಷ್ಟು, ಟ್ಯಾಗ್ ಇಲ್ಲದವು ಎಷ್ಟು. ಒಟ್ಟು ಸಂಖ್ಯೆ ಕಡಿಮೆ ಕಂಡರೆ ಗಾಬರಿಯಾಗಬೇಡಿ; ರಾ ಮತ್ತು ಜೆಪೆಗ್ ಜೋಡಿಯನ್ನು, ಲೈವ್ ಫೋಟೊವನ್ನು ಕೆಲವು ತಂತ್ರಾಂಶಗಳು ಒಂದೆಂದೇ ಎಣಿಸುತ್ತವೆ. ನಕಲುಗಳನ್ನು ಅಳಿಸುವ ಕೆಲಸವನ್ನು ಈ ಎಣಿಕೆ ಮುಗಿಯುವವರೆಗೆ ಆರಂಭಿಸಲೇಬೇಡಿ. ತಿದ್ದಿದ ಪ್ರತಿ ಮತ್ತು ಮೂಲವನ್ನು, ಕ್ಷಣಾರ್ಧದ ಅಂತರದಲ್ಲಿ ತೆಗೆದ ಎರಡು ಚಿತ್ರಗಳನ್ನು ನಕಲೆಂದು ತಿಳಿದು ಅಳಿಸಿಬಿಡುವ ಸಾಧನಗಳು ಸಾಕಷ್ಟಿವೆ.

ಹಳೆಯ ತಂತ್ರಾಂಶವನ್ನು ಕನಿಷ್ಠ ಒಂದು ವರ್ಷ ಕಂಪ್ಯೂಟರಿನಿಂದ ತೆಗೆಯಬೇಡಿ, ಆ ವರ್ಷದಲ್ಲಿ ಹೊಸದರಲ್ಲಿ ಏನು ಕಾಣೆಯಾದರೂ ಅಲ್ಲಿ ಹೋಗಿ ನೋಡಬಹುದು. ಎರಡರಲ್ಲೂ ಟ್ಯಾಗ್ ಬರೆಯುತ್ತ ಹೋದರೆ ಯಾವುದು ಸರಿಯೆಂದು ಆಮೇಲೆ ಹೇಳಲಾಗದು, ಹಾಗಾಗಿ ಹಳೆಯದನ್ನು ನೋಡಲು ಮಾತ್ರ ಬಳಸಿ. ಪಕ್ಕಕ್ಕಿಟ್ಟ ಮೊದಲ ಡಿಸ್ಕಿನ ಮೇಲೆ ಸಾಗಣೆಯ ದಿನಾಂಕ, ಹಳೆಯ ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಅದು ನಡೆಯುತ್ತಿದ್ದ ಕಂಪ್ಯೂಟರಿನ ವ್ಯವಸ್ಥೆ ಯಾವುದೆಂದು ಒಂದು ಚೀಟಿಯಲ್ಲಿ ಬರೆದು ಅಂಟಿಸಿ.